ನಾದಿನಿಯ ಗುಳಿಗೆ ಡಬ್ಬಿ

ನನ್ನ ಗಂಡನ ಅಕ್ಕ ನನ್ನನ್ನು ಮೊದಲ ಸಲ ಕಳ್ಳಿ ಎಂದದ್ದು ಒಂದು ಬೇಸಿಗೆಯ ಬೆಳಿಗ್ಗೆ, ನಾನು ರೊಟ್ಟಿ ಬಡಿಯುತ್ತಿದ್ದಾಗ. ಶುಗರ್ ಗುಳಿಗೆಗಳ ಡಬ್ಬಿಯನ್ನು ತಂದು ನನ್ನ ಮುಂದೆ ಕುಕ್ಕಿದಳು.

"ಇದರಾಗ ನಿನ್ನೆ ಆರು ಗುಳಿಗಿ ಇದ್ವು. ಇವತ್ತು ಮೂರ ಅದಾವ. ನಾ ದಿನಕ್ಕ ಎರಡು ತಗೋತೀನಿ. ಇನ್ನೊಂದು ಎಲ್ಲಿ ಹೋತು?"

"ನೀವ ತಗೊಂಡು ಮರತಿರಬೇಕ್ರಿ ಅಕ್ಕಾರ."

"ನಾ ಮರೀತೀನಾ? ನನ್ನ ಶುಗರ್ ಏರಲಿ, ಮುದುಕಿ ಸಾಯಲಿ ಅಂತ ನೀನ ಎತ್ತಿಟ್ಟಿ ಬೇ."

ಕೈಯಲ್ಲಿದ್ದ ಹಿಟ್ಟನ್ನು ಮತ್ತಷ್ಟು ಜೋರಾಗಿ ಬಡಿದೆ.

ನಮ್ಮಿಬ್ಬರ ನಡುವೆ ಅದಕ್ಕೂ ಮೊದಲು ಪ್ರೀತಿ ಇತ್ತು ಎಂದಲ್ಲ. ಎದುರಿಗೆ ಅಕ್ಕಾರ ಎನ್ನುತ್ತೇನೆ, ಬಹುವಚನ ಬಿಟ್ಟು ಎಂದೂ ಮಾತಾಡಿಲ್ಲ. ಇಲ್ಲಿ ಮಾತ್ರ ಆಕೆ ಎಂದೇ ಬರೆಯುತ್ತೇನೆ. ಮನಸ್ಸಿನೊಳಗೆ ಇಷ್ಟು ವರ್ಷ ಹಾಗೇ ಕರೆದಿದ್ದೇನೆ.

ಆದರೆ ಆಕೆ ಯಾರೆಂದು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ನನ್ನ ಅತ್ತೆ, ಮಾವ ದೇವದುರ್ಗದ ಕಡೆ ಕೂಲಿ ಮಾಡಿ ಬದುಕಿದವರು. ಆ ಮನೆಯಲ್ಲಿ ಹತ್ತನೆಯ ಇಯತ್ತೆ ದಾಟಿದ ಮೊದಲ ಹೆಣ್ಣು ಆಕೆ. ನರ್ಸ್ ತರಬೇತಿ ಪಡೆದು, ಅರಕೇರಾ ಸುತ್ತಲಿನ ಹಳ್ಳಿಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದಳು. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಿಸಿಲಲ್ಲಿ ನಡೆದವಳು. ಮೊದಮೊದಲು ತನ್ನನ್ನು ಅಂಗಳದಾಚೆಯೇ ನಿಲ್ಲಿಸಿದ ಮನೆಗಳ ಒಳಕೋಣೆಯಲ್ಲೇ ಆಮೇಲೆ ಹೆರಿಗೆ ಮಾಡಿಸಿದವಳು. ಮದುವೆಯಾಗಲಿಲ್ಲ. ತಮ್ಮನನ್ನು ಓದಿಸಿ, ಅವನು ರಾಯಚೂರಿನ ಕಾಲೇಜೊಂದರಲ್ಲಿ ಗುಮಾಸ್ತನಾಗುವ ತನಕ ಬೆನ್ನ ಹಿಂದೆ ನಿಂತಳು. ಹೀಗಾಗಿ ನನ್ನ ಗಂಡ ಅಕ್ಕನ ಮುಂದೆ ಇವತ್ತಿಗೂ ಕಣ್ಣೆತ್ತಿ ಮಾತಾಡುವುದಿಲ್ಲ.

ತಮ್ಮನಿಗೆ ಒಬ್ಬ ನರ್ಸನ್ನೇ ತರಬೇಕೆಂದು ಆಕೆಗೆ ಆಸೆಯಿತ್ತು. ಅವನು ಮಾನ್ವಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನ್ನನ್ನು ಮಾಡಿಕೊಂಡ. ಮದುವೆಯ ದಿನ ಹೆಂಗಸರ ನಡುವೆ ಕೂತು, "ಹುಡುಗಿ ಕೈ ಮೆತ್ತಗ ಅದಾವ, ಕೆಲಸ ಕಂಡಾವಿಲ್ಲ" ಎಂದಿದ್ದಳು. ನನ್ನ ಅವ್ವ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿ ನನ್ನನ್ನು ಓದಿಸಿದವಳು, ಆಕೆಯ ಪಕ್ಕದಲ್ಲೇ ಕೂತಿದ್ದಳು. ಆ ಮಾತನ್ನು ನಾನು ಮರೆತಿಲ್ಲ.

ನಿವೃತ್ತಿಯಾದ ಮೇಲೆ ಆಕೆ ಮಾನ್ವಿಗೆ, ನಮ್ಮ ಮನೆಗೆ ಬಂದಳು. ಬಂದವಳೇ ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸಿದಳು. ಗಂಡ ಬೆಳಿಗ್ಗೆ ರಾಯಚೂರಿನ ಬಸ್ ಹತ್ತಿದರೆ ಸಂಜೆಗೆ ಬರುತ್ತಿದ್ದ. ಮಗಳು ಹಾಸ್ಟೆಲಿನಲ್ಲಿದ್ದಳು. ಶಾಲೆಯಿಂದ ಬಂದರೆ ಮನೆಯಲ್ಲಿ ನಾವಿಬ್ಬರೇ.

ಆಕೆಗೆ ಶುಗರ್ ಬಂದು ಆಗಲೇ ಹನ್ನೆರಡು ವರ್ಷವಾಗಿತ್ತು. ಅದನ್ನು ಆಕೆ ಕಾಯಿಲೆ ಎಂದುಕೊಂಡಿರಲಿಲ್ಲ, ಪರೀಕ್ಷೆ ಎಂದುಕೊಂಡಿದ್ದಳು, ಅದರಲ್ಲಿ ತಾನು ಎಲ್ಲರಿಗಿಂತ ಮೇಲಿರಬೇಕು. ಮುಂಜಾನೆ ತನ್ನದೇ ಮಷೀನಿನಲ್ಲಿ ಬೆರಳು ಚುಚ್ಚಿ ನೋಡುವಳು. ಅಂಕಿ ಕಡಿಮೆಯಿದ್ದಷ್ಟೂ ಮುಖ ಅರಳುತ್ತಿತ್ತು. ಮಧ್ಯಾಹ್ನ ಒಂದೇ ರೊಟ್ಟಿ, ರಾತ್ರಿ ಅರ್ಧ. ಗುಳಿಗೆಗಳನ್ನು ಮಾತ್ರ ಎಂದೋ ಬರೆದುಕೊಟ್ಟ ಹಳೆಯ ಚೀಟಿಯಂತೆಯೇ ನುಂಗುತ್ತಿದ್ದಳು. ಹೊಸದಾಗಿ ಯಾವ ಡಾಕ್ಟರಿಗೂ ತೋರಿಸಲು ಒಪ್ಪುತ್ತಿರಲಿಲ್ಲ. "ಡಾಕ್ಟರಿಗೆ ನಾನ ಹೇಳಿಕೊಟ್ಟೀನಿ, ಅವ್ರು ನನಗೇನು ಹೇಳ್ತಾರ" ಎನ್ನುತ್ತಿದ್ದಳು.

ಕಳ್ಳಿ ಎಂಬ ಮಾತು ಒಂದು ದಿನಕ್ಕೆ ನಿಲ್ಲಲಿಲ್ಲ. ಕನ್ನಡಕ ಕಾಣದಿದ್ದರೆ ನಾನು ಬಚ್ಚಿಟ್ಟೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ಆಕೆ, ಆದರೆ ಎರಡನೆಯದನ್ನು ಹಾಕಿದವಳು ನಾನು. ಮಧ್ಯಾಹ್ನ ಉಂಡು ಕೈ ತೊಳೆದವಳು ಓಣಿಗೆ ಹೋಗಿ, ತಮ್ಮನ ಹೆಂಡತಿ ಊಟಕ್ಕೆ ಹಾಕಲಿಲ್ಲ ಎಂದು ಹೇಳಿ ಬಂದಳು. ಹುಣ್ಣಿಮೆಯ ದಿನ ನಮ್ಮ ಓಣಿಯ ಹೆಂಗಸರು ನಮ್ಮ ಮನೆಯಲ್ಲಿ ಸೇರಿ ಬುದ್ಧವಂದನೆ ಮಾಡುತ್ತಾರೆ. ಪಂಚಶೀಲವನ್ನು ಅವರಿಗೆಲ್ಲ ಬಾಯಿಪಾಠ ಮಾಡಿಸಿದವಳೇ ಆಕೆ. ಆ ತಿಂಗಳು ಮೂರನೆಯ ಶೀಲವನ್ನು ಎರಡು ಸಲ ಹೇಳಿ, ನಾಲ್ಕನೆಯದನ್ನು ಬಿಟ್ಟು ಐದಕ್ಕೆ ಹೋದಳು. ಯಾರೋ ಮೆಲ್ಲಗೆ ತಿದ್ದಿದರು. ಆಕೆ ಕಣ್ಣು ತೆರೆದು ನೇರ ನನ್ನನ್ನು ನೋಡಿ, "ಇಕಿ ನಡುವ ಗುಸುಗುಸು ಅಂದ್ಲು, ಅದಕ್ಕ ತಪ್ಪಿತು" ಎಂದಳು. ನಾನು ತುಟಿ ಬಿಚ್ಚಿರಲಿಲ್ಲ.

ಗಂಡನಿಗೆ ಹೇಳಿದೆ. "ನಿಮ್ಮ ಅಕ್ಕಗ ಮರವಿನ ರೋಗ ಬಂದದ. ಇಲ್ಲಾ ಬೇಕಂತ ಮಾಡಾಕತ್ತಾರ. ಎರಡರಾಗ ಒಂದು."

"ವಯಸ್ಸಾಗೇದ. ನೀನ ಸ್ವಲ್ಪ ಸೋಸ್ಕೊ," ಎಂದು ಆತ ಬಸ್ಸಿಗೆ ಹೊರಟ.

ಸಹಿಸಿಕೊಳ್ಳಲು ನಾನು ಹೋಗಲಿಲ್ಲ. ನಾನೂ ತಿರುಗಿ ಚುಚ್ಚತೊಡಗಿದೆ. ಹೇಳಿದ್ದನ್ನೇ ಹೇಳಿದರೆ, "ಇದು ಮೂರನೇ ಸಲ ಹೇಳಾಕತ್ತೀರಿ" ಎಂದು ಎಣಿಸಿ ಹೇಳುತ್ತಿದ್ದೆ. ಬೇಕೆಂದೇ ಇವತ್ತು ಯಾವ ವಾರ ಎಂದು ಕೇಳುತ್ತಿದ್ದೆ. ತಡವರಿಸಿದರೆ ಸುಮ್ಮನೆ ನಿಂತು ನೋಡುತ್ತಿದ್ದೆ, ಪಾಠ ಓದಿಕೊಂಡು ಬಾರದ ಹುಡುಗರ ಮುಂದೆ ನಿಲ್ಲುವಂತೆ.

ಈ ಜಗಳ ಬೀದಿಗೆ ಬಿದ್ದದ್ದು ಓಣಿಯ ಬಾಣಂತಿಯೊಬ್ಬಳು ಬಂದ ದಿನ. ಕೂಸಿಗೆ ಜ್ವರ, ಔಷಧಿಯ ಬಾಟಲಿ ಕೈಯಲ್ಲಿತ್ತು, ಎಷ್ಟು ಕುಡಿಸಬೇಕೆಂದು ಕೇಳಲು ಬಂದಿದ್ದಳು. ಜೊತೆಗೆ ಬಾಣಂತಿಯ ಅವ್ವ ಮತ್ತು ಇಬ್ಬರು ಹೆಂಗಸರು. ನಮ್ಮ ನಾದಿನಿ ಬಾಟಲಿಯನ್ನು ತಿರುಗಿಸಿ ನೋಡಿ, ದೊಡ್ಡ ಹುಡುಗರಿಗೆ ಹೇಳುವಷ್ಟು ಚಮಚ ಹೇಳಿದಳು. ನನಗೆ ವೈದ್ಯ ಗೊತ್ತಿಲ್ಲ, ಆದರೆ ಬಾಟಲಿಯ ಮೇಲೆ ಬರೆದದ್ದನ್ನು ಓದಲು ಬರುತ್ತದೆ. ಬಾಟಲಿಯನ್ನು ಆಕೆಯ ಕೈಯಿಂದ ಕಸಿದುಕೊಂಡೆ.

"ಇವರ ಮಾತು ಕೇಳಬ್ಯಾಡ್ರಿ. ಇವರಿಗೆ ಇವತ್ತು ಸೋಮವಾರೋ ಮಂಗಳವಾರೋ ಅದ ಗೊತ್ತಿಲ್ಲ. ಕೂಸಿನ ಜೀವ ತಗೀತಾರ. ದವಾಖಾನಿಗೆ ಹೋಗ್ರಿ."

ಕೂಸನ್ನು ಉಳಿಸಲು ಮೊದಲ ಮತ್ತು ಕೊನೆಯ ಮಾತು ಸಾಕಿತ್ತು. ಉಳಿದವು ಬೇರೆ ಲೆಕ್ಕಕ್ಕೆ ಸೇರಿದವು, ಹೇಳುವಾಗಲೇ ನನಗದು ತಿಳಿದಿತ್ತು. ಆಕೆ ಎದ್ದು ಬಂದು ನಾಲ್ಕು ಜನರ ಮುಂದೆ ನನ್ನ ಕಪಾಳಕ್ಕೆ ಹೊಡೆದಳು. ಹೊಡೆದ ಕೈ ನಡುಗುತ್ತಿತ್ತು. ಸಿಟ್ಟಿಗೆ ನಡುಗುತ್ತಿದೆ ಎಂದುಕೊಂಡೆ. ಅಂಗೈ ತಣ್ಣಗೆ, ಒದ್ದೆಯಾಗಿತ್ತು. ಕೆನ್ನೆಯ ಮೇಲೆ ಅದರ ಹಸಿ ಉಳಿದಿತ್ತು.

ಅದಾದ ಎರಡನೆಯ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹನ್ನೆರಡರ ಹೊತ್ತಿಗೆ ಮನೆಗೆ ಬಂದೆ. ಆಕೆ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಕುಪ್ಪಸ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಸೆರಗು ನೆಲದ ಮೇಲಿತ್ತು. ನನ್ನನ್ನು ನೋಡಿ, "ಯಾರ್ ನೀ? ನನ್ನ ಮನ್ಯಾಗ ಯಾಕ ಬಂದಿ?" ಎಂದಳು. ಆಮೇಲೆ ಬೈಗುಳ ಶುರುವಾಯಿತು. ನನಗೆ, ನನ್ನ ಅವ್ವನಿಗೆ, ನನ್ನ ಹುಟ್ಟಿಗೆ. ನಾಲಗೆ ತೊದಲುತ್ತಿತ್ತು, ಆದರೂ ಶಬ್ದಗಳು ಸ್ಪಷ್ಟವಾಗಿಯೇ ತಿಳಿಯುತ್ತಿದ್ದವು.

ಏನೋ ಆಗಿದೆ ಎಂದು ನನಗೆ ಗೊತ್ತಾಯಿತು. ಶುಗರ್ ಇಳಿದರೆ ಬೆವರು ಬರುತ್ತದೆ, ನಡುಕ ಬರುತ್ತದೆ, ತಲೆ ಕೆಡುತ್ತದೆ ಎಂದು ಆಕೆಯೇ ಎಷ್ಟೋ ಜನರಿಗೆ ಹೇಳಿದ್ದನ್ನು ಕೇಳಿದ್ದೆ. ಅದು ನೆನಪಾಯಿತು. ನೆನಪಾದ ಮೇಲೂ ನಾನು ಚೀಲವನ್ನು ಗೂಟಕ್ಕೆ ಹಾಕಿದೆ. ಕಾಲು ತೊಳೆದೆ. ಹರವಿಯಿಂದ ನೀರು ತೆಗೆದು ನಿಂತು ಕುಡಿದೆ. ಬೈಯಲಿ, ಬೈದು ಸಾಕಾಗಲಿ ಎಂದುಕೊಂಡೆ. ಎಷ್ಟು ಹೊತ್ತಾಯಿತೋ ಹೇಳಲಾರೆ. ಕಡಿಮೆ ಹೊತ್ತೇನಲ್ಲ.

ಬೈಗುಳ ನಿಂತಾಗ ತಿರುಗಿ ನೋಡಿದೆ. ಆಕೆ ಕಲ್ಲಿನಿಂದ ಜಾರಿ ಗೋಡೆಗೆ ಒರಗಿದ್ದಳು. ಕಣ್ಣು ಅರ್ಧ ತೆರೆದಿತ್ತು. ಆಗ ಓಡಿದೆ. ಸಕ್ಕರೆ ಡಬ್ಬಿ ತಂದು, ಬೆರಳಿಗೆ ಹತ್ತಿಸಿಕೊಂಡು ಆಕೆಯ ಕೆನ್ನೆಯ ಒಳಗೆ, ವಸಡಿಗೆ ಉಜ್ಜಿದೆ. ಬೆರಳನ್ನು ಕಚ್ಚಿದಳು, ರಕ್ತ ಬಂತು. ಮತ್ತೆ ಉಜ್ಜಿದೆ. ನುಂಗುತ್ತಿದ್ದಾಳೆಂದು ಖಾತ್ರಿಯಾದ ಮೇಲೆ ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಆಕೆಯ ಮಷೀನು ತಂದು ಚುಚ್ಚಿದೆ. ಎಪ್ಪತ್ತಕ್ಕಿಂತ ಕೆಳಗಿಳಿಯಬಾರದ ಅಂಕಿ ಅಷ್ಟೆಲ್ಲ ಸಕ್ಕರೆ ಹೋದ ಮೇಲೂ ನಲವತ್ತೊಂದು ತೋರಿಸಿತು.

ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಸೆರಗು ಸರಿಮಾಡಿಕೊಂಡಳು. ಸುತ್ತ ಚೆಲ್ಲಿದ್ದ ಸಕ್ಕರೆ ನೋಡಿ, "ಇಷ್ಟು ಯಾಕ ಹಾಕಿದಿ? ಸಂಜಿ ಮುನ್ನೂರು ಆಗ್ತದ" ಎಂದಳು. ಆಮೇಲೆ, "ತಮ್ಮಗ ಹೇಳಬ್ಯಾಡ" ಎಂದಳು.

"ಹೇಳ್ತೀನಿ."

"ಹೇಳಿದ್ರ ನೀನ ಗುಳಿಗಿ ಜಾಸ್ತಿ ಕೊಟ್ಟಿ ಅಂತೀನಿ."

ಅದನ್ನು ಕೇಳಿ ನನಗೆ ಅಳು ಬರಬೇಕಿತ್ತು, ನಗು ಬಂತು. ಎದ್ದು ಹೋಗಿ ಆಕೆಯ ಡಬ್ಬಿ ತೆಗೆದು ನೋಡಿದೆ. ಹಿಂದಿನ ದಿನ ಹೊಸದಾಗಿ ತಂದ ಗುಳಿಗೆ ಪಟ್ಟಿಯಲ್ಲಿ ಆಗಲೇ ಐದು ಖಾಲಿಯಾಗಿದ್ದವು. ನುಂಗಿದ್ದನ್ನು ಮರೆತು ಮತ್ತೆ ನುಂಗುತ್ತಿದ್ದಳು. ಬೇಸಿಗೆಯಿಂದ ನಾನು ಕದಿಯುತ್ತಿದ್ದ ಗುಳಿಗೆಗಳೆಲ್ಲ ಆಕೆಯ ಹೊಟ್ಟೆಗೇ ಹೋಗಿದ್ದವು.

ಆ ದಿನದಿಂದ ಶಾಲೆಯ ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆಯತೊಡಗಿದೆ. ಎಷ್ಟು ಗಂಟೆಗೆ ಉಂಡಳು, ಎಷ್ಟು ಉಂಡಳು, ಮಷೀನು ಏನು ತೋರಿಸಿತು, ಯಾವಾಗ ಬೈದಳು, ಯಾವಾಗ ಏನು ಮರೆತಳು. ಒಳ್ಳೆಯ ಮನಸ್ಸಿನಿಂದ ಬರೆದೆ ಎಂದು ಹೇಳಿಕೊಳ್ಳುವುದಿಲ್ಲ. ಗಂಡನ ಮುಂದೆ ಇಟ್ಟು, ಈಕೆಯನ್ನು ಇಲ್ಲಿ ಇಟ್ಟುಕೊಳ್ಳಲು ಆಗದು ಎಂದು ಗೆಲ್ಲಬೇಕಿತ್ತು ನನಗೆ. ಆದರೆ ಎರಡು ವಾರ ಬರೆದ ಮೇಲೆ ಪುಟಗಳು ಬೇರೆಯದೇ ಹೇಳಿದವು. ಕೆಟ್ಟ ಮಾತುಗಳು ಹೆಚ್ಚಾಗಿ ಊಟಕ್ಕೆ ಮುಂಚೆ, ಹನ್ನೊಂದು ದಾಟಿದ ಮೇಲೆ ಅಥವಾ ಸಂಜೆ ನಾಲ್ಕರ ಸುಮಾರಿಗೆ ಬರುತ್ತಿದ್ದವು. ಆಗ ಅಂಕಿಯೂ ಕೆಳಗಿರುತ್ತಿತ್ತು. ಅಂಕಿ ಸರಿಯಿದ್ದಾಗಲೂ ಆಕೆ ನನ್ನನ್ನು ಬೈದದ್ದುಂಟು, ಅದನ್ನೂ ಬರೆದಿದ್ದೇನೆ. ಆದರೆ ಆಗ ಬೈದದ್ದರಲ್ಲಿ ಅರ್ಥವಿರುತ್ತಿತ್ತು.

ಗಂಡ ನೋಟುಬುಕ್ಕನ್ನು ಕೊನೆಯ ಪುಟದ ತನಕ ಓದಿದ. ರಜೆ ಹಾಕಿ ಇಬ್ಬರನ್ನೂ ರಾಯಚೂರಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಆಕೆ ತಮ್ಮನ ಪಕ್ಕ ಕೂತಳು, ನಾನು ಮೂರು ಸೀಟು ಹಿಂದೆ. ನಿಲ್ದಾಣದಿಂದ ಆಟೋದಲ್ಲಿ ಹೋಗುವಾಗ, "ನನ್ನ ಹುಚ್ಚಾಸ್ಪತ್ರಿಗೆ ಒಯ್ಯಾಕತ್ತೀರಿ, ಇಕಿ ಮಾತು ಕೇಳಿ" ಎಂದು ದಾರಿಯುದ್ದಕ್ಕೂ ಹೇಳಿದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ರಕ್ತ ತೆಗೆಸಿದರು, ನನ್ನ ಪುಸ್ತಕವನ್ನು ಮೊದಲ ಪುಟದಿಂದ ಓದಿದರು. ಆಮೇಲೆ ಆಕೆಗೆ ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು, ಒಂದು ಹಾಳೆ ಕೊಟ್ಟು ಗಡಿಯಾರ ಬರೆಯಲು ಹೇಳಿದರು.

"ನೀ ಹುಟ್ಟೋಕಿಂತ ಮೊದಲ ನಾ ಸೂಜಿ ಹಿಡದಾಕಿ. ನನಗ ಗಡಿಯಾರ ಬರಸ್ತಿ?"

"ಹೌದ್ರಿ ಸಿಸ್ಟರ್. ಅದಕ್ಕ ನಿಮಗ ಇದು ಭಾಳ ಸುಲಭ ಆಗ್ತದ. ಬರೀರಿ."

ಆಕೆ ಬರೆದಳು. ಹನ್ನೆರಡೂ ಅಂಕಿಗಳು ಗಡಿಯಾರದ ಒಂದೇ ಬದಿಯಲ್ಲಿ ಒತ್ತೊತ್ತಾಗಿ ಕೂತವು. ಇನ್ನೊಂದು ಬದಿ ಬರಿದಾಗಿತ್ತು. ಬರೆದು ಮುಗಿಸಿ ಆಕೆ ಅದನ್ನು ಬಹಳ ಹೊತ್ತು ನೋಡಿದಳು. ತಪ್ಪಾಗಿದೆ ಎಂದು ಗೊತ್ತಾಗುತ್ತಿತ್ತು, ಎಲ್ಲಿ ಎಂದು ಗೊತ್ತಾಗುತ್ತಿರಲಿಲ್ಲ. ಮೂರು ಶಬ್ದಗಳಲ್ಲಿ ಒಂದೇ ನೆನಪಿತ್ತು. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ಕಿಟಕಿಯ ಕಡೆ ನೋಡುತ್ತ ಕೂತೆ.

ಡಾಕ್ಟರು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಮಿದುಳು ಬದುಕುವುದು ರಕ್ತದ ಸಕ್ಕರೆಯಿಂದ. ವಯಸ್ಸಾದವರಲ್ಲಿ ಅದು ಮತ್ತೆ ಮತ್ತೆ ಹೀಗೆ ಕುಸಿದರೆ ಮಿದುಳಿಗೆ ಪೆಟ್ಟು ಬೀಳುತ್ತದೆ. ವರ್ಷಗಟ್ಟಲೆ ಏರಿದ್ದರೂ ಸಣ್ಣ ನರಗಳಿಗೆ ರಕ್ತ ಹೋಗುವ ದಾರಿ ಕೆಡುತ್ತದೆ, ಅದೂ ಮರೆವಿಗೆ ಕಾರಣ. ಮರೆತದ್ದಕ್ಕೆ ಗುಳಿಗೆ ಹೆಚ್ಚಾಯಿತು, ಗುಳಿಗೆ ಹೆಚ್ಚಾದದ್ದಕ್ಕೆ ಮರೆವು ಹೆಚ್ಚಾಯಿತು. "ಈ ವಯಸ್ಸಿನಾಗ ಅಷ್ಟು ಕಡಿಮಿ ಶುಗರ್ ಬ್ಯಾಡ್ರಿ ಸಿಸ್ಟರ್. ಸ್ವಲ್ಪ ಮ್ಯಾಲ ಇದ್ರ ನಡೀತದ. ಆ ಹಳೇ ಗುಳಿಗಿ ಬಂದ್ ಮಾಡ್ತೀನಿ, ಬ್ಯಾರೇದು ಕೊಡ್ತೀನಿ. ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಗುಳಿಗಿ ಮಾತ್ರ ನೀವಾಗಿ ತಗೋಬ್ಯಾಡ್ರಿ, ಮನ್ಯಾಗಿನವ್ರು ಕೊಡಬೇಕು."

ಎಲ್ಲ ಮರಳಿ ಬರುತ್ತದೆಯೇ ಎಂದು ಗಂಡ ಕೇಳಿದ. ಸ್ವಲ್ಪ ಬರಬಹುದು, ಎಲ್ಲ ಬರುತ್ತದೆ ಎಂದು ಹೇಳಲಾರೆ ಎಂದರು. ಆಮೇಲೆ ನನ್ನ ಕಡೆ ನೋಡಿದರು.

"ಇಕಿ ಕೈಲೆ ನೀರೂ ಕುಡಿಯಂಗಿಲ್ಲ," ಎಂದಳು ನಾದಿನಿ.

"ಹಂಗಾದ್ರ ಯಾರು ಕೊಡ್ತಾರ್ರೀ?"

ಗಂಡ ನೆಲ ನೋಡಿದ. ಬೆಳಿಗ್ಗೆ ಬಸ್ಸಿಗೆ ಹೋಗುವವನು ಅವನು. ಬೇರೆ ಯಾರೂ ಇರಲಿಲ್ಲ. ಕೊಡಬೇಕಾದವಳಿಗೂ ನುಂಗಬೇಕಾದವಳಿಗೂ ಇಷ್ಟವಿಲ್ಲದ ಒಪ್ಪಂದ ಹೀಗೆ ಆಯಿತು.

ಡಬ್ಬಿ ನನ್ನ ಕಪಾಟಿಗೆ ಬಂತು, ಕೀಲಿ ನನ್ನ ಬಳಿ. ಬೆಳಿಗ್ಗೆ ತಾಟಿನಲ್ಲಿ ರೊಟ್ಟಿ ಹಾಕಿ, ಪಕ್ಕದಲ್ಲಿ ಗುಳಿಗೆ ಪಟ್ಟಿಯನ್ನೇ ಇಡುತ್ತಿದ್ದೆ. ಬಿಡಿಸಿದ ಗುಳಿಗೆಯನ್ನು ಆಕೆ ಮುಟ್ಟುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ, ತಾರೀಖು ನೋಡಿ, ತಾನೇ ಒಂದನ್ನು ಬಿಡಿಸಿಕೊಂಡು ಪಟ್ಟಿ ನನ್ನ ಕಡೆ ತಳ್ಳುತ್ತಿದ್ದಳು. ಶಾಲೆಗೆ ಹೊತ್ತಾಗುತ್ತಿತ್ತು. "ವಿಷ ಹಾಕೋದಿದ್ರ ಇಷ್ಟು ದಿನ ಕಾಯ್ತಿದ್ನೇನ್ರಿ" ಎಂದು ಒಮ್ಮೆ ಅಂದೆ. "ನಿನಗ ಧೈರ್ಯ ಇಲ್ಲ" ಎಂದಳು.

ತಿಂಗಳು ಕಳೆದ ಹಾಗೆ ಬೆವರು ನಿಂತಿತು, ನಡುಕ ನಿಂತಿತು. ನಾಲ್ಕು ಗಂಟೆಯ ಬೈಗುಳ ಹೋಯಿತು. ಒಂದು ಸಂಜೆ ಕಡ್ಲಿಕಾಯಿ ಸುಲಿಯುತ್ತ ಕೂತಿದ್ದಾಗ, ನಾನಾಗಿ ಹೇಳಿದೆ. ಎಷ್ಟು ದಿನದಿಂದಲೋ ಹೇಳಬೇಕೆಂದಿತ್ತು.

"ಅಕ್ಕಾರ, ಆ ಶನಿವಾರ ನಿಮಗ ಹಂಗಾದಾಗ ನಾ ಜಲ್ದಿ ಬರಲಿಲ್ಲ. ಗೊತ್ತಿದ್ದೂ ಬರಲಿಲ್ಲ."

ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತದ. ಕಾಲು ತೊಳಕೊಂಡಿ. ನೀರು ಕುಡದಿ. ನಾ ನೋಡಾಕತ್ತಿದ್ದೆ."

ಎಷ್ಟೋ ಮರೆತ ಆಕೆಗೆ ಅದೊಂದು ಉಳಿದಿತ್ತು. ಕ್ಷಮಿಸಿದೆ ಎಂದು ಆಕೆ ಹೇಳಲಿಲ್ಲ, ಕ್ಷಮಿಸಿರಿ ಎಂದು ನಾನೂ ಕೇಳಲಿಲ್ಲ. ಮೊರ ತುಂಬಿದ ಮೇಲೆ ಆಕೆ ಎದ್ದು ಒಳಗೆ ಹೋದಳು.

ಈ ವರ್ಷ ಚಳಿಗಾಲದ ಮೊದಲಿಗೆ ಆಕೆಯನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಬೇಕಾಯಿತು. ಪಿಂಚಣಿಗಾಗಿ, ಬದುಕಿದ್ದೇನೆ ಎಂದು ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಸಹಿ ಹಾಕಬೇಕು. ಮೂವತ್ತು ವರ್ಷ ಓಡಾಡಿದ ಊರಿನಲ್ಲಿ ಬಸ್ ನಿಲ್ದಾಣದ ಹೊರಗೆ ಬಂದವಳು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತಳು. ನಾನು ಮುಂದೆ ನಡೆದೆ. ಆಕೆ ಹಿಂದೆ ಬಂದಳು, ನಾನೇ ದಾರಿ ತಪ್ಪಿಸುತ್ತಿದ್ದೇನೆ ಎನ್ನುತ್ತ.

ಬ್ಯಾಂಕಿನ ಸಾಲಿನಲ್ಲಿ ಅರಕೇರಾ ಕಡೆಯ ಹೆಂಗಸೊಬ್ಬಳು ಗುರುತು ಹಿಡಿದು ಕಾಲಿಗೆ ಬಿದ್ದಳು. "ಯವ್ವಾ, ನನ್ನ ಮೂರೂ ಮಕ್ಕಳು ನಿಮ್ಮ ಕೈಯಾಗ ಹುಟ್ಟ್ಯಾವು. ನೆನಪದನ್ರೀ?"

"ನೆನಪಿಲ್ಲದ ಏನು," ಎಂದಳು ನಾದಿನಿ. ಮುಖ ನೋಡಿದರೆ ತಿಳಿಯುತ್ತಿತ್ತು, ಏನೂ ನೆನಪಿರಲಿಲ್ಲ. ಆ ಹೆಂಗಸು ನನ್ನ ಕಡೆ ತೋರಿಸಿ ಇವರು ಯಾರೆಂದು ಕೇಳಿದಳು.

"ತಮ್ಮನ ಹೇಣ್ತಿ. ಮೊದಲ ನನ್ನ ಗುಳಿಗಿ ಕದೀತಿದ್ಲು. ಈಗ ಕೀಲಿ ಹಾಕಿ ಇಟ್ಟಾಳ."

ಸಾಲಿನಲ್ಲಿದ್ದವರೆಲ್ಲ ನನ್ನನ್ನು ತಿರುಗಿ ನೋಡಿದರು. ಶುಗರ್ ಇಳಿದ ಮಾತಲ್ಲ ಅದು. ಬೆಳಿಗ್ಗೆ ನಾನೇ ಚುಚ್ಚಿ ನೋಡಿದ್ದೆ, ಬಸ್ಸಿನಲ್ಲಿ ಬಿಸ್ಕೀಟು ತಿನ್ನಿಸಿದ್ದೆ. ಸಹಿ ಹಾಕಿಸಿ ಹೊರಗೆ ಕರೆತಂದೆ.

ಮಾನ್ವಿ ಬಸ್ ತಡವಾಯಿತು. ಒಂದು ಗಂಟೆ ದಾಟಿತು. ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಮುಂದೆ ಹಿಡಿದೆ. ಬೇಡ ಎಂದಳು. ಮತ್ತೆ ಹಿಡಿದೆ. ಕೈ ತಳ್ಳಿದಳು.

"ಉಣ್ಣದಿದ್ರ ಇಲ್ಲೇ ಕುಂದರ್ರಿ. ನಾ ಬಸ್ ಹತ್ತಿ ಹೋಗ್ತೀನಿ," ಎಂದೆ. ಸುಮ್ಮನೆ ಹೆದರಿಸಲು ಹೇಳಿದ್ದಲ್ಲ. ಆ ಗಳಿಗೆಯಲ್ಲಿ ನಿಜವಾಗಿಯೂ ಹೋಗಿಬಿಡುತ್ತಿದ್ದೆನೇನೋ.

ಆಕೆ ನನ್ನ ಮುಖ ನೋಡಿದಳು. ರೊಟ್ಟಿ ತೆಗೆದುಕೊಂಡು ಎರಡು ಮಾಡಿ, ಒಳಗೆ ಏನಾದರೂ ಇದೆಯೇ ಎಂಬಂತೆ ನೋಡಿ, ಪಲ್ಯ ಹಚ್ಚಿಕೊಂಡು ತಿನ್ನತೊಡಗಿದಳು. "ಉಪ್ಪು ಕಡಿಮಿ ಅದ" ಎಂದಳು. ಇಡೀ ರೊಟ್ಟಿ ಮುಗಿಯುವ ತನಕ ನಾನು ಪಕ್ಕದಲ್ಲೇ ನಿಂತೆ. ಆಮೇಲೆ ಪಟ್ಟಿ ತೆಗೆದು ಕೊಟ್ಟೆ. ಆಕೆ ಕನ್ನಡಕಕ್ಕಾಗಿ ಚೀಲದಲ್ಲಿ ತಡಕಾಡಿದಳು, ಅಷ್ಟರಲ್ಲಿ ಬಸ್ ಬಂತು. ಹತ್ತಿ ಒಂದೇ ಸೀಟಿನಲ್ಲಿ ಕೂತೆವು, ಬೇರೆ ಸೀಟು ಖಾಲಿಯಿರಲಿಲ್ಲ. ಬಸ್ಸು ಅಲುಗಾಡುತ್ತಿದ್ದಾಗಲೇ ಆಕೆ ಹೆಸರನ್ನು ಓದಿ ಮುಗಿಸಿ ಗುಳಿಗೆ ನುಂಗಿದಳು. ಪಟ್ಟಿಯನ್ನು ನನ್ನ ಕಡೆ ತಳ್ಳಿದಳು, ನಾನು ಅದನ್ನು ಚೀಲಕ್ಕೆ ಹಾಕಿದೆ.